ಕೈ ಊರುವ ಜಾಗದಲ್ಲೇ ಹ್ಯಾಂಡಲ್ ಹಾಕಿಸಿ

ದಾವಣಗೆರೆಯಲ್ಲಿ ಮನೆ ಮನೆಗೆ ಹೋಗಿ ಫಿಜಿಯೋಥೆರಪಿ ಮಾಡುವುದು ನನ್ನ ಕೆಲಸ. ವಿನೋಬನಗರ, ಎಂಸಿಸಿ ಬಿ ಬ್ಲಾಕ್, ಹಳೇ ಪೇಟೆ, ಎಲ್ಲಾ ಕಡೆ ಹೋಗುತ್ತೇನೆ. ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿ ಇಬ್ಬರೇ, ಇಲ್ಲವೇ ಒಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ. ಹೊಸ ಮನೆಗೆ ಹೋದರೆ ನಾನು ಮಂಡಿ ಆಮೇಲೆ ನೋಡುತ್ತೇನೆ, ಮೊದಲು ಗೋಡೆ ನೋಡುತ್ತೇನೆ.

ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ, ಬಾಗಿಲ ಪಕ್ಕ, ಸೊಂಟಕ್ಕಿಂತ ಸ್ವಲ್ಪ ಮೇಲೆ ಸುಣ್ಣ ಮಾಸಿ ಎಣ್ಣೆ ಹಿಡಿದ ಕಲೆ ಇರುತ್ತದೆ. ದಿನಾ ಅಲ್ಲೇ ಕೈ ಊರುತ್ತಾರೆ. ಬೀಳದ ಹಾಗೆ ಹಿಡಿದುಕೊಳ್ಳುವ ಹ್ಯಾಂಡಲ್ ಹಾಕಬೇಕಾದ್ದೂ ಅಲ್ಲೇ. ಒಂದು ಮನೆಯ ಬಚ್ಚಲಲ್ಲಿ ಮಗ ದುಬಾರಿ ಸ್ಟೀಲ್ ಹ್ಯಾಂಡಲ್ ಹಾಕಿಸಿದ್ದ, ನಲ್ಲಿಯ ಎದುರು ಗೋಡೆಗೆ. ಅದರ ಮೇಲೆ ಟವೆಲ್ ಒಣಗುತ್ತಿತ್ತು. ಅಜ್ಜಿ ಮಾತ್ರ ನಲ್ಲಿ ಹಿಡಿದೇ ಏಳುತ್ತಿದ್ದರು. ನಲ್ಲಿ ಬುಡ ಅಲ್ಲಾಡುತ್ತಿತ್ತು. ಕೇಳಿದರೆ, "ನಂಗೆ ಇದೇ ರೂಢಿ ಆಗೈತವ್ವ" ಅಂದರು. ಹ್ಯಾಂಡಲ್ ಬಿಚ್ಚಿಸಿ ನಲ್ಲಿ ಪಕ್ಕಕ್ಕೇ ಹಾಕಿಸಿದೆವು. ಈಗ ಟವೆಲ್‌ಗೆ ಬೇರೆ ಜಾಗ ಹುಡುಕಿದ್ದಾರೆ.

ರಬ್ಬರ್ ಬಟ್ಟಲು ಒತ್ತಿ ಅಂಟಿಸುವ ಹ್ಯಾಂಡಲ್ ಬರುತ್ತವಲ್ಲ, ಅವನ್ನು ನಾನು ನಂಬುವುದಿಲ್ಲ. ಮೈ ಭಾರ ಬಿದ್ದಾಗ ಕಿತ್ತು ಬರುತ್ತವೆ. ಗೋಡೆ ಕೊರೆದು ಸ್ಕ್ರೂ ಹಾಕಿಸಬೇಕು. ಹಳೇ ಪೇಟೆಯ ಮಣ್ಣಿನ ಗೋಡೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಅಲ್ಲಿ ನೆಲದಿಂದಲೇ ಕಬ್ಬಿಣದ ಪೈಪ್ ನಿಲ್ಲಿಸುವುದು ವಾಸಿ.

ಬಚ್ಚಲ ಚಿಲಕದ್ದು ಇನ್ನೊಂದು ರಗಳೆ. ಒಳಗೆ ಚಿಲಕ ಹಾಕಿಕೊಂಡು ಬಿದ್ದರೆ ಬಾಗಿಲು ಒಡೆಯಬೇಕಾಗುತ್ತದೆ. ಹಾಗಂತ ಚಿಲಕ ಹಾಕಬೇಡಿ ಅಂದರೆ ಯಾರು ಕೇಳುತ್ತಾರೆ? ನಿವೃತ್ತ ಮೇಷ್ಟ್ರೊಬ್ಬರು ನನಗೇ ಬೈದರು, "ಬಾಗಿಲು ತೆಗೆದಿಟ್ಟು ಸ್ನಾನ ಮಾಡ್ಲೇನಮ್ಮ?" ಅವರು ಹೇಳಿದ್ದೂ ಸರಿ ಅಲ್ವಾ? ಹೊರಗಿನಿಂದ ನಾಣ್ಯ ತೂರಿಸಿ ತಿರುಗಿಸಿದರೆ ತೆರೆಯುವ ಬೀಗ ಹಾಕಿಸಿದೆವು. ಮನೆಯ ಇನ್ನೊಂದು ಕೀಲಿ ಪಕ್ಕದ ಮನೆಯವರ ಹತ್ತಿರ ಇದೆ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಉಳಿದಿದ್ದರೆ ಅವರು ಬಂದು ಕೂಗುತ್ತಾರೆ.

ಕೋಲಿನ ವಿಷಯಕ್ಕೆ ಬಂದರೆ, ಮಕ್ಕಳು ಆನ್‌ಲೈನ್‌ನಲ್ಲಿ ಕಳಿಸಿದ್ದು ಸುಮ್ನೆ ಬಾಗಿಲ ಹಿಂದೆ ನಿಂತಿರುತ್ತದೆ. ಬಹಳ ಸಲ ಅದರ ಎತ್ತರವೇ ಸರಿ ಇರುವುದಿಲ್ಲ. ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಬಲ ಮಂಡಿ ನೋವಿದ್ದರೆ ಕೋಲು ಎಡಗೈಯಲ್ಲಿ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ, ನಾಲ್ಕು ಹೆಜ್ಜೆ ನಡೆಸಿದ ಮೇಲೆ ಒಪ್ಪುತ್ತಾರೆ. ತುದಿಯ ರಬ್ಬರ್ ಸವೆದಿದ್ದರೆ ಬದಲಿಸಿ.

ಬಿಪಿ ಮಾತ್ರೆ ತಗೊಳ್ಳುವವರು ರಾತ್ರಿ ಗಬಕ್ಕನೆ ಏಳಬಾರದು, ತಲೆ ಸುತ್ತುತ್ತದೆ. ಮಂಚದ ಅಂಚಲ್ಲಿ ಕೂತು ಸ್ವಲ್ಪ ಹೊತ್ತು ಪಾದ ಆಡಿಸಿ, ಆಮೇಲೆ ಏಳಬೇಕು. ದಾರಿಯಲ್ಲೊಂದು ಸಣ್ಣ ದೀಪ ಉರಿಯುತ್ತಿರಲಿ.

ಇಷ್ಟೆಲ್ಲ ಮಾಡಿದರೂ ಬೀಳುವವರು ಬೀಳುತ್ತಾರೆ. ಅದಕ್ಕೇ ಏಳುವುದನ್ನೂ ಕಲಿಸುತ್ತೇನೆ. ಪೆಟ್ಟಾಗಿಲ್ಲ ಅನಿಸಿದರೆ ಮಗ್ಗುಲಾಗಬೇಕು, ಮಂಡಿ ಊರಿ ಮಗುವಿನ ಹಾಗೆ ಗಟ್ಟಿ ಕುರ್ಚಿಯ ತನಕ ತೆವಳಬೇಕು. ಕುರ್ಚಿಗೆ ಎರಡೂ ಕೈ ಊರಿ, ಬಲ ಇರುವ ಕಾಲನ್ನು ಮುಂದಿಟ್ಟು ಏಳಬೇಕು. ಸೊಂಟ, ತೊಡೆ ಸಂದಿಯಲ್ಲಿ ಜಾಸ್ತಿ ನೋವಿದ್ದರೆ ಏಳುವ ಪ್ರಯತ್ನವೇ ಬೇಡ, 108ಕ್ಕೆ ಫೋನ್ ಮಾಡಬೇಕು. ಫೋನನ್ನು ಫ್ರಿಜ್ ಮೇಲಿಟ್ಟರೆ ಬಿದ್ದವರ ಕೈಗೆ ಎಟುಕುವುದಿಲ್ಲ. ಗಿಡ್ಡ ಸ್ಟೂಲ್ ಮೇಲಿಡಿ. ಮೇಲಿನ ಗೋಡೆಯಲ್ಲಿ 108, ಪಕ್ಕದ ಮನೆಯವರ ನಂಬರ್, ಹಿರಿಯರ ಸಹಾಯವಾಣಿ 14567, ಮೂರನ್ನೂ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. 14567 ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಮಾತ್ರ ಸಿಗುತ್ತದೆ, ಅದನ್ನೂ ಪಕ್ಕದಲ್ಲೇ ಬರೆಯಿರಿ.