ದಾನಿಹಾಲಿನ ಕೆನೆಯ ಬೆನ್ನು ಹತ್ತಿ: ನನ್ನ ಅನುಭವ

ಮೈಸೂರಿನ ಆಸ್ಪತ್ರೆಯೊಂದರ ನವಜಾತ ಶಿಶು ತೀವ್ರ ನಿಗಾ ಘಟಕದಲ್ಲಿ ವೈದ್ಯೆಯಾಗಿರುವ ನಾನು, ದಾನಿಗಳ ಎದೆಹಾಲು ಕುಡಿಯುವ ದಿನ ತುಂಬದ ಶಿಶುಗಳ ತೂಕ ಏಕೆ ನಿಧಾನವಾಗಿ ಏರುತ್ತದೆ ಎಂಬ ಪ್ರಶ್ನೆಯ ಒಂದು ಸಣ್ಣ ತುದಿಯನ್ನು ಹಿಡಿದು ಅಧ್ಯಯನ ನಡೆಸಿದೆ.

ಪ್ರಶ್ನೆ ಹಳೆಯದು. ದಾನಿಹಾಲನ್ನೂ ಫಾರ್ಮುಲಾವನ್ನೂ (ಎದೆಹಾಲಿನ ಬದಲು ಕೊಡುವ ಸಿದ್ಧ ಶಿಶುಹಾಲು) ಹೋಲಿಸಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡಿದ ಕೊಕ್ರೇನ್ ವಿಮರ್ಶೆಯ ಪ್ರಕಾರ, ಫಾರ್ಮುಲಾ ಕುಡಿದ ಮಕ್ಕಳು ಆಸ್ಪತ್ರೆಯಲ್ಲಿರುವಷ್ಟು ಕಾಲ ಬೇಗ ತೂಕ ಪಡೆಯುತ್ತಾರೆ. ಆದರೆ ಕರುಳಿನ ಅಂಗಾಂಶ ಸಾಯುವ ‘ನೆಕ್’ ಎಂಬ ಮಾರಕ ಕಾಯಿಲೆ ಅವರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. 2024ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಎರಡು ವರ್ಷದ ಆಸುಪಾಸಿನಲ್ಲಿ ನೋಡಿದಾಗ ಮಕ್ಕಳ ಬುದ್ಧಿ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲವಾದರೂ, ನೆಕ್ ಪ್ರಮಾಣ ಫಾರ್ಮುಲಾ ಗುಂಪಿನಲ್ಲಿ ಶೇ 9 ಮತ್ತು ದಾನಿಹಾಲಿನ ಗುಂಪಿನಲ್ಲಿ ಶೇ 4.2 ಇತ್ತು. ಆದ್ದರಿಂದ ಸ್ವಂತ ತಾಯಿಯ ಹಾಲು ಸಾಲದಿದ್ದಾಗ ಯಾವುದನ್ನು ಕೊಡಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಕೊಡುವ ಹಾಲಿನ ಸತ್ವವನ್ನು ಉಳಿಸಿಕೊಳ್ಳುವುದು ಹೇಗೆಂಬುದೇ ಚಿಂತೆ.

ಸತ್ವ ಹಲವು ಕಡೆ ಸೋರುತ್ತದೆ. ದಾನಿಗಳಲ್ಲಿ ಹೆಚ್ಚಿನವರು ದಿನ ತುಂಬಿ ಹೆತ್ತ ಬಾಣಂತಿಯರಾದ್ದರಿಂದ ಅವರ ಹಾಲಿನಲ್ಲಿ ಪ್ರೋಟೀನ್ ಕಡಿಮೆ. ರೋಗಾಣುಗಳನ್ನು ಕೊಲ್ಲಲು ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಡುವಾಗ ಕೊಬ್ಬನ್ನು ಜೀರ್ಣಿಸಲು ನೆರವಾಗುವ ಲೈಪೇಸ್ ಕಿಣ್ವ ನಿಷ್ಕ್ರಿಯವಾಗುತ್ತದೆ, ಸೋಂಕಿನ ವಿರುದ್ಧ ಕಾಯುವ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನ್ ಬಹುಮಟ್ಟಿಗೆ ನಷ್ಟವಾಗುತ್ತದೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ಆಲಿಗೋಸ್ಯಾಕರೈಡ್ ಎಂಬ ಸಕ್ಕರೆಗಳು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ಇವು ವಾರ್ಡಿನಲ್ಲಿ ಕುಳಿತು ಸರಿಪಡಿಸುವ ಸಂಗತಿಗಳಲ್ಲ. ಆದರೆ ಈ ಮಕ್ಕಳ ಹೊಟ್ಟೆಗೆ ಹಾಲು ತಲುಪಿಸುವ ಸಿರಿಂಜಿಗೂ ಕೊಳವೆಗೂ ಹಾಲಿನ ಕೊಬ್ಬು ಅಂಟಿಕೊಳ್ಳುವುದು ನಮ್ಮ ಕೈಯಲ್ಲಿರುವ ವಿಷಯ.

ಹೆಪ್ಪುಗಟ್ಟಿಸಿಟ್ಟು ಕರಗಿಸಿದ ದಾನಿಹಾಲನ್ನು 24 ಗಂಟೆಯೊಳಗೆ ಬಳಸದಿದ್ದರೆ ಚೆಲ್ಲಬೇಕು. ನೈತಿಕ ಸಮಿತಿಯ ಅನುಮತಿ ಪಡೆದು, ಹಾಗೆ ಚೆಲ್ಲಬೇಕಾಗಿದ್ದ ಹಾಲನ್ನೇ ಬಳಸಿದೆವು. ಯಾವ ಮಗುವಿನ ಪಾಲಿನಿಂದಲೂ ಒಂದು ಹನಿ ತೆಗೆಯಲಿಲ್ಲ. ಮಗುವಿಗೆ ಹಾಕುವಂಥದೇ ಕೊಳವೆಯ ಮೂಲಕ ಪಂಪಿನಿಂದ ನಿಧಾನವಾಗಿ ಹಾಲು ಹರಿಸಿ, ಒಳಹೋಗುವ ಮತ್ತು ಹೊರಬರುವ ಹಾಲನ್ನು ಸೂಜಿಯಷ್ಟು ಸಣ್ಣ ಗಾಜಿನ ನಳಿಕೆಯಲ್ಲಿ ತುಂಬಿ, ಒಂದು ತುದಿ ಮುಚ್ಚಿ, ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ ಮೇಲೆ ಕೆನೆಯ ಬಿಳಿ ಪಟ್ಟಿ ನಿಲ್ಲುತ್ತದೆ. ಅದರ ಎತ್ತರವೇ ಅಳತೆ.

ಮದ್ದೂರು ಕಡೆಯ ಅಜ್ಜಿಯೊಬ್ಬರು ಮೊಮ್ಮಗಳಿಗೆ ದಾನಿಹಾಲು ಕೊಡಲು ಒಪ್ಪದೆ, “ಯಾವ ಜನದ ಹಾಲೋ ಏನೋ, ನಮ್ ಮಗೀಗ್ಯಾಕೆ ಡಾಕ್ಟ್ರಮ್ಮಾ?” ಎಂದು ಕೇಳಿದ್ದರು. ದಾನಿಯ ಹೆಸರನ್ನು ಹೇಳುವಂತಿಲ್ಲ ಎಂದೂ, ಎಚ್‌ಐವಿ, ಹೆಪಟೈಟಿಸ್-ಬಿ, ಸಿಫಿಲಿಸ್ ಪರೀಕ್ಷೆ ಆಗಿರುತ್ತದೆ ಎಂದೂ ವಿವರಿಸಿದೆ. ಅವರು ಒಲಿದದ್ದು ಆ ಮಾತಿಗಲ್ಲ, ಕೆನೆ ಅಳೆಯುತ್ತೇವೆಂದ ಮೇಲೆ. “ಡೈರೀಲಿ ಫ್ಯಾಟ್ ನೋಡ್ದಂಗೆ ನೋಡ್ತೀರಾ? ಹಂಗಾರೆ ಕೊಡಿ ಅತ್ಲಾಗೆ.” ದಿನವೂ ಡೈರಿಗೆ ಹಾಲು ಹಾಕುವವರಿಗೆ ಒಪ್ಪಿಗೆ ಪತ್ರದ ಭಾಷೆಗಿಂತ ಇದು ಬೇಗ ತಿಳಿಯುತ್ತದೆಂದು ಅಂದಿನಿಂದ ನಾನೂ ಮೊದಲು ಕೆನೆಯ ಮಾತನ್ನೇ ಎತ್ತುತ್ತೇನೆ.

ಪಂಪಿನಲ್ಲಿ ಸಿರಿಂಜನ್ನು ಅಡ್ಡಲಾಗಿ ಮಲಗಿಸಿದಾಗ ಕೆನೆ ಮೇಲೆದ್ದು ಒಳಗೋಡೆಗೆ ಜಿಡ್ಡಿನಂತೆ ಹತ್ತಿ, ಹೊರಬಂದ ಹಾಲು ಕಣ್ಣಿಗೇ ತೆಳ್ಳಗೆ ಕಾಣುತ್ತಿತ್ತು. ಸಿರಿಂಜಿನ ಮೂತಿಯನ್ನು ಮೇಲ್ಮುಖವಾಗಿಸಿ, ಕೊಳವೆಯನ್ನು ಗಿಡ್ಡ ಮಾಡಿದಾಗ ನಷ್ಟ ತಗ್ಗಿತು. ಪಂಪ್ ಬಿಟ್ಟು, ಹಾಲು ತನ್ನ ಭಾರಕ್ಕೆ ತಾನೇ ಇಳಿಯುವಂತೆ ಸಿರಿಂಜನ್ನು ಎತ್ತಿ ಹಿಡಿದು ಕೊಟ್ಟಾಗ ಕೆನೆ ಎಲ್ಲಕ್ಕಿಂತ ಚೆನ್ನಾಗಿ ಉಳಿಯಿತು. ಹೊರದೇಶಗಳ ಪ್ರಯೋಗಾಲಯಗಳು ಹಿಂದೆಯೇ ಹೇಳಿದ್ದು ಇದನ್ನೇ; ಆದರೂ ನಮ್ಮ ಸಿಸ್ಟರ್‌ಗಳು ನಳಿಕೆಯನ್ನು ಬೆಳಕಿಗೆ ಹಿಡಿದು ತಾವೇ ನೋಡಿದ ಮೇಲೆ ಅಭ್ಯಾಸ ಬದಲಾಯಿತು. ಸಹಿಸಬಲ್ಲ ಮಕ್ಕಳಿಗೆ ಈಗ ಹೀಗೆಯೇ ಕೊಡುತ್ತೇವೆ.

ಇದರಿಂದ ತೂಕ ಎಷ್ಟು ಏರಿತೆಂದು ಹೇಳಲು ಈ ಅಧ್ಯಯನ ಸಾಲದು, ಏಕೆಂದರೆ ಇದು ಮೇಜಿನ ಮೇಲೆ ನಡೆದದ್ದು; ಅಲ್ಲದೆ ವಾರ್ಡಿನಲ್ಲಿ ದಾನಿಹಾಲು ಕುಡಿಯುವ ಮಕ್ಕಳ ಹಾಲಿಗೆ ಪೋಷಕಾಂಶ ಹೆಚ್ಚಿಸುವ ಫೋರ್ಟಿಫೈಯರ್ ಪುಡಿಯನ್ನೂ ಬೆರೆಸುತ್ತಿದ್ದೆವು, ಅನೇಕರಿಗೆ ಕೆಲವೇ ದಿನಗಳಲ್ಲಿ ಸ್ವಂತ ತಾಯಿಯ ಹಾಲೇ ಸಿಗತೊಡಗುತ್ತಿತ್ತು.