ನಾಲ್ಕು ಜನ ದೋಸ್ತರು, ಒಂದು ಹಾವು, ಮತ್ತೆ ನನ್ನ ಗಾಲ್ಫ್ ಸ್ಕೋರು

ಎರಡು ಸೀಸನ್ ಹಿಂದೆ ಹದಿನೆಂಟು ಹೋಲ್ ಮುಗಿಸೋ ಹೊತ್ತಿಗೆ ನನ್ನ ಸ್ಕೋರ್ (ಅಂದ್ರೆ ಒಟ್ಟು ಹೊಡೆತ, ಕಮ್ಮಿ ಇದ್ದಷ್ಟೂ ಒಳ್ಳೇದು) ನೂರೆಂಟು, ನೂರಹತ್ತು ಹಿಂಗೆ ಇರ್ತಿತ್ತು, ಈಗ ಎಂಬತ್ತೇಳು ಎಂಬತ್ತೆಂಟರ ಆಸುಪಾಸು ಬರ್ತಾ ಇದೆ. ಕೋಚ್ ಹತ್ರ ಹೋಗಿಲ್ಲ, ಹೊಸ ಡ್ರೈವರ್ (ದೂರ ಹೊಡೆಯೋ ಉದ್ದ ಕ್ಲಬ್) ತಗೊಂಡಿಲ್ಲ, ಸ್ವಿಂಗ್ ನೋಡಿದ್ರೆ ಹಳೇದೇ. ಬದಲಾಗಿದ್ದು ಒಂದೇ, ಪ್ರಾಕ್ಟೀಸ್ ಅನ್ನೋದನ್ನ ಒಬ್ನೇ ಮಾಡೋದು ಬಿಟ್ಟು ಪ್ರತಿ ಬಾಲಿಗೂ ದೋಸ್ತರ ಜೊತೆ ಏನಾದ್ರೂ ಪಂಥ ಇಟ್ಟೇ ಹೊಡೆಯೋಕೆ ಶುರು ಮಾಡಿದ್ದು. ಬೆಂಗ್ಳೂರಲ್ಲಿ ಕ್ಲಬ್ ಮೆಂಬರ್ ಆಗಿರೋ ನನ್ನ ಕ್ಲಾಸ್‌ಮೇಟ್ ಒಬ್ಬ, "ಬೆಟ್ ಕಟ್ಟಿ ಆಡಿದ್ರೆ ಇರೋ ಸ್ವಿಂಗೂ ಹಾಳಾಗತ್ತೆ ಮಾರಾಯ, ಮೊದ್ಲು ಲೆಸನ್ ತಗೋ" ಅಂತ ಎರಡು ವರ್ಷ ಹೇಳ್ತಾನೇ ಬಂದ. ಹೋದ ಡಿಸೆಂಬರಲ್ಲಿ ಇಲ್ಲಿಗೆ ಬಂದಾಗ ಅವ್ನನ್ನ ಮ್ಯಾಚ್ ಪ್ಲೇಲಿ (ಯಾರು ಎಷ್ಟು ಹೋಲ್ ಗೆದ್ರು ಅಂತ ಎಣಿಸೋ ಆಟ) ಹದಿನಾರನೇ ಹೋಲಿಗೇ ಮುಗಿಸಿ ಕಳ್ಸಿದ್ದೀನಿ, ಅದಕ್ಕೇ ಈಗ ಬರೀತಿದೀನಿ.

ನಮ್ಮ ಗುಂಪು ನಾಲ್ಕು ಜನ. ನಾನು ಕಾರವಾರ ಕೋಡಿಬಾಗ, ಒಬ್ರು ಇಲ್ಲಿನ ಡಾಕ್ಟ್ರು, ಒಬ್ಬ ಕೈಗಾದಲ್ಲಿ ಕೆಲ್ಸ ಮಾಡೋನು, ಇನ್ನೊಬ್ಬ ಶಿರಸಿ ಕಡೆ ಅಡಿಕೆ ತೋಟದವ, ದೇವಿಮನೆ ಘಟ್ಟ ಇಳಿದು ಬರ್ತಾನೆ. ಕೋರ್ಸ್ ಅಂತ ಆಡೋದು ಗಡಿ ದಾಟಿ ಗೋವಾದ ಕಾಣಕೋಣ ಕಡೆ, ಒಂಬತ್ತು ಹೋಲನ್ನೇ ಎರಡು ಸಲ. ಮೂವತ್ತೈದು ನಲವತ್ತು ಕಿಲೋಮೀಟರ್ ಅಷ್ಟೇ, ಆದ್ರೆ 2024ರ ಆಗಸ್ಟಲ್ಲಿ ಕಾಳಿ ಹಳೇ ಸೇತುವೆ ಬಿದ್ದ ಮೇಲೆ ಎಲ್ಲಾ ಗಾಡಿಗಳೂ ಒಂದೇ ಸೇತುವೆ ಮೇಲೆ, ಹಂಗಾಗಿ ಬೆಳಿಗ್ಗೆ ಬೇಗ ಬಿಡ್ತೀವಿ. ತಿಂಗಳಿಗೆ ಎರಡು ಸಲ ಆದ್ರೆ ಅದೇ ಹೆಚ್ಚು. ಉಳಿದಿದ್ದೆಲ್ಲಾ ಟ್ಯಾಗೋರ್ ಬೀಚು, ನಮ್ಮನೆ ಹಿಂದಿನ ಶೆಡ್ಡು, ಮತ್ತೆ ಶಿರಸಿಯವ್ನ ಮನೆ ಅಂಗಳ.

ಮೊದ್ಲು ದುಡ್ಡಿನ ಪಂಥ ಇಟ್ವಿ. ಸ್ಟ್ರೋಕ್ ಪ್ಲೇ, ಅಂದ್ರೆ ಒಟ್ಟು ಹೊಡೆತ ಎಣಿಸೋದು, ಕಮ್ಮಿ ಸ್ಕೋರ್ ಆದವ್ರಿಗೆ ಉಳಿದವ್ರು ತಲಾ ಇನ್ನೂರು. ಇದರಿಂದ ಯಾರ ಆಟಾನೂ ಸುಧಾರಿಸ್ಲಿಲ್ಲ. ಡಾಕ್ಟ್ರು ಕಾಲೇಜ್ ದಿನದಿಂದ ಆಡಿದವ್ರು, ಪ್ರತಿ ಸಲ ಅವ್ರೇ ಗೆಲ್ಲೋದು, ನನ್ನ ಜೇಬಿಂದಾನೇ ಒಂದು ಸೀಸನಿಗೆ ಮೂರು ನಾಲ್ಕು ಸಾವಿರ ಹೋಯ್ತು, ಕೈಗಾದವ ಮಧ್ಯದಲ್ಲಿ ಬರೋದೇ ಬಿಟ್ಟ. ಮೂರನೇ ಹೋಲಲ್ಲಿ ಒಂದು ಒಂಬತ್ತೋ ಹತ್ತೋ ಬಿದ್ರೆ ಆವತ್ತಿನ ಆಟ ಮುಗೀತು, ಆಮೇಲೆ ಸುಮ್ನೆ ನಡೆಯೋದು. ಸ್ಕಿನ್ಸ್ (ಒಂದೊಂದು ಹೋಲಿಗೂ ಬೇರೆ ಪಂಥ) ಆಡಿ ನೋಡಿದ್ವಿ, ಅದೂ ಆಗ್ಲಿಲ್ಲ. ಹೋಲ್ ಟೈ ಆಗಿ ಆಗಿ ಮುಂದಕ್ಕೆ ಹೋಗತ್ತೆ, ಕೊನೆಗೆ ಯಾರೋ ಒಬ್ಬ ಗ್ರೀನಿನ (ಹೋಲ್ ಸುತ್ತ ಸಣ್ಣಗೆ ಕತ್ತರಿಸಿದ ಹುಲ್ಲು) ಆಚೆಯಿಂದ ಒಂದು ಚಿಪ್ (ಸಣ್ಣ ಹೊಡೆತ) ಒಳಗೆ ಹಾಕಿ ಎಲ್ಲಾ ಬಾಚ್ಕೊಂಡು ಹೋಗ್ತಾನೆ, ಅದ್ರಲ್ಲಿ ಕಲಿಯೋದು ಏನಿದೆ?

ಸ್ಟೇಬಲ್‌ಫೋರ್ಡ್ ಅನ್ನೋ ಪಾಯಿಂಟ್ ಲೆಕ್ಕದ ಆಟಕ್ಕೆ ಬಂದ ಮೇಲೆ ದಾರಿಗೆ ಬಂತು. ಲೆಕ್ಕ ಇಷ್ಟೇ, ಪಾರ್‌ಗೆ (ಆ ಹೋಲಿಗೆ ಇಷ್ಟು ಅಂತ ಇಟ್ಟ ಹೊಡೆತ) ಎರಡು, ಬರ್ಡಿಗೆ (ಅದಕ್ಕಿಂತ ಒಂದು ಕಮ್ಮಿ) ಮೂರು, ಬೋಗಿಗೆ (ಒಂದು ಜಾಸ್ತಿ) ಒಂದು, ಅದಕ್ಕಿಂತ ಜಾಸ್ತಿ ಹೊಡೆದ್ರೆ ಸೊನ್ನೆ. ಫ್ರಾಂಕ್ ಸ್ಟೇಬಲ್‌ಫೋರ್ಡ್ ಅನ್ನೋ ಡಾಕ್ಟರ್ 1932ರಲ್ಲಿ ಇಂಗ್ಲೆಂಡಿನ ವಾಲಸಿ ಕ್ಲಬ್ಬಲ್ಲಿ ಇದನ್ನ ಚಾಲ್ತಿಗೆ ತಂದಿದ್ದು, ಅಲ್ಲೂ ಸಮುದ್ರದ ಗಾಳಿ, ಶುರುವಲ್ಲೇ ಎರಡು ಹೋಲ್ ಕೆಟ್ರೆ ಜನ ಕಾರ್ಡ್ ಹರಿದು ಮನೆಗೆ ಹೋಗ್ತಿದ್ರು ಅನ್ನೋದೇ ಕಾರಣ. ನಮ್ಗೂ ಅದೇ ಔಷಧಿ ತಾಗ್ತು. ಹತ್ತು ಹೊಡೆದ್ರೂ ಹೋಗೋದು ಆ ಹೋಲಿನ ಪಾಯಿಂಟ್ ಮಾತ್ರ, ಮುಂದಿನ ಹೋಲಿನ ಟೀ ಮೇಲೆ (ಮೊದ್ಲ ಹೊಡೆತದ ಜಾಗ) ಮತ್ತೆ ಎಲ್ರೂ ಸಮ.

ಹ್ಯಾಂಡಿಕ್ಯಾಪ್ (ಆಟ ಕಮ್ಮಿ ಇರೋವ್ನಿಗೆ ಕೊಡೋ ಸ್ಟ್ರೋಕ್ ರಿಯಾಯಿತಿ) ವಿಷ್ಯದಲ್ಲಿ ಮಾತ್ರ ಜೋರು ಜಗಳ ಆಯ್ತು. ಹಿಂದಿನ ಮೂರು ರೌಂಡಿನ ಸರಾಸರಿ ಅಂತ ಇಟ್ಟಿದ್ವಿ, ಒಬ್ಬ (ಹೆಸರು ಬೇಡ) ಗೆಲ್ಲಲ್ಲ ಅಂತ ಗೊತ್ತಾದ ದಿನ ಕೊನೇ ನಾಲ್ಕು ಹೋಲ್ ಬೇಕಂತಲೇ ಕೆಡಿಸೋಕೆ ಶುರು ಮಾಡ್ದ, ಮುಂದಿನ ಸಲ ಸ್ಟ್ರೋಕ್ ಜಾಸ್ತಿ ಸಿಗ್ಲಿ ಅಂತ. 2020ರಿಂದ ಬಂದಿರೋ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ಮಲ್ಲಿ ಕೊನೇ ಇಪ್ಪತ್ತು ರೌಂಡಲ್ಲಿ ಚೆನ್ನಾಗಿರೋ ಎಂಟನ್ನ ಮಾತ್ರ ತಗೋತಾರೆ, ಕೆಟ್ಟ ರೌಂಡಿಗೆ ಬೆಲೆನೇ ಇಲ್ಲ. ನಮ್ಗೆ ಇಪ್ಪತ್ತು ರೌಂಡ್ ಆಗೋಕೆ ವರ್ಷ ಬೇಕು, ಅದಕ್ಕೆ ಕೊನೇ ಐದರಲ್ಲಿ ಚೆನ್ನಾಗಿರೋ ಎರಡು ಅಂತ ಮಾಡ್ಕೊಂಡ್ವಿ. ಅದರ ಮೇಲೆ ನಮ್ಮದೇ ಒಂದು ಕಾಯ್ದೆ, ಇಳಿಯೋದಾದ್ರೆ ಅವತ್ತೇ ಎಷ್ಟಾದ್ರೂ ಇಳಿಯತ್ತೆ, ಏರೋದಾದ್ರೆ ಒಂದು ಸಲಕ್ಕೆ ಒಂದೇ ಸ್ಟ್ರೋಕ್. ಆಮೇಲೆ ಕೆಡಿಸಿ ಆಡೋದು ನಿಂತೇ ಹೋಯ್ತು, ಡಾಕ್ಟ್ರು ನನ್ಗೆ ಹದಿನಾಲ್ಕು ಸ್ಟ್ರೋಕ್ ಕೊಟ್ಟು ಆಡಬೇಕಾಗಿ ಬಂದಾಗ ಅವ್ರ ಆಟಾನೂ ಬಿಗಿಯಾಯ್ತು. ಈಗ ನನ್ಗೆ ಸಿಗೋದು ಐದೋ ಆರೋ.

ದುಡ್ಡು ಪೂರ್ತಿ ನಿಲ್ಸಿದ್ವಿ, ಈಗ ಪಂಥ ಊಟದ್ದು. ಸೋತವ ವಾಪಸ್ ಬರ್ತಾ ಸದಾಶಿವಗಡದಲ್ಲಿ ಎಲ್ರಿಗೂ ಮೀನೂಟ ಹಾಕಿಸ್ಬೇಕು, ಬಂಗಡೆ ಆದ್ರೆ ಬಚಾವು, ಇಸ್ವಾಣ ಸೀಸನ್ ಆದ್ರೆ ಸಾವಿರದೈನೂರು ದಾಟತ್ತೆ. ಶಿರಸಿಯವ ಮೀನು ತಿನ್ನಲ್ಲ, ಅವ ಸೋತ್ರೆ ಮನೆಯಿಂದ ತೊಡದೇವು ತರ್ಬೇಕು, ಮಾವಿನ ಕಾಲ ಆದ್ರೆ ಜೊತೆಗೆ ಒಂದು ಬಾಟ್ಲಿ ಅಪ್ಪೆಹುಳಿ. ನಿಜ ಹೇಳ್ಬೇಕಂದ್ರೆ ಇನ್ನೂರು ರೂಪಾಯಿ ಕಳ್ಕೊಂಡಾಗ ಆಗ್ದೇ ಇದ್ದ ಬೇಜಾರು ಎದುರಿಗೆ ಮೂವರು ಕೂತು ನಮ್ಮ ಖರ್ಚಲ್ಲಿ ತವಾ ಫ್ರೈ ಎರಡನೇ ಸಲ ಹೇಳುವಾಗ ಆಗತ್ತೆ.

ಈಗ ಹಾವಿನ ವಿಷ್ಯ. ಸ್ನೇಕ್ ಅಂತ ಎಲ್ಲಾ ಕಡೆ ಆಡ್ತಾರೆ. ಒಂದು ಹೋಲಲ್ಲಿ ಮೂರು ಪಟ್ (ಗ್ರೀನ್ ಮೇಲೆ ಬಾಲ್ ಉರುಳಿಸೋ ಹೊಡೆತ) ಹೊಡೆದವ್ನ ಕೈಗೆ ಹಾವು, ಇನ್ನೊಬ್ಬ ಮೂರು ಪಟ್ ಮಾಡೋವರೆಗೆ ಅವ್ನ ಹತ್ರಾನೇ, ಕೊನೇ ಹೋಲಲ್ಲಿ ಯಾರ ಹತ್ರ ಇದೆಯೋ ಅವ ಕಟ್ಬೇಕು. ನಮ್ಮದು ರಬ್ಬರ್ ಹಾವು, ಜಾತ್ರೇಲಿ ತಂದಿದ್ದು, ಬ್ಯಾಗಿಗೆ ನೇತಾಡ್ಸಿಕೊಂಡೇ ನಡೀಬೇಕು. ನನ್ನ ಸ್ಕೋರಲ್ಲಿ ಇಳಿದಿದ್ದು ಇಪ್ಪತ್ತು ಸ್ಟ್ರೋಕ್ ಅಂದ್ರೆ ಅದ್ರಲ್ಲಿ ನಾಲ್ಕೈದು ಈ ಹಾವಿಂದಾನೇ. ಮುಂಚೆ ಒಂದು ರೌಂಡಿಗೆ ಆರು ಏಳು ಸಲ ಮೂರು ಪಟ್ ಆಗ್ತಿತ್ತು, ಈಗ ಒಂದೋ ಎರಡೋ. ಮೂವತ್ತು ಅಡಿಯಿಂದ ಒಳಗೆ ಹಾಕೋಕೆ ಹೋಗೋದು ಬಿಟ್ಟು ಎರಡನೇದು ಸುಲಭ ಆಗೋ ಕಡೆ ನಿಲ್ಸೋಕೆ ಕಲಿತೆ, ಅದನ್ನ ಎಷ್ಟು ವಿಡಿಯೋ ನೋಡಿದ್ರೂ ನನ್ನ ಕೈ ಕೇಳಿರ್ಲಿಲ್ಲ. ಮೂರಡಿ ಪಟ್ ಮುಂದೆ ನಿಂತಾಗ ಆ ಮೂವರೂ ಬಾಯಿ ಮುಚ್ಚಿ ನಿಲ್ತಾರಲ್ಲ, ಆ ಹೆದರಿಕೆಯ ಪ್ರಾಕ್ಟೀಸ್ ಒಬ್ನೇ ಮಾಡೋಕೆ ಸಾಧ್ಯನೇ ಇಲ್ಲ.

ಪಟ್ಟಿಂಗ್ ಪ್ರಾಕ್ಟೀಸ್ ಶಿರಸಿ ಅಂಗಳದಲ್ಲಿ, ಅಡಿಕೆ ಒಣಗ್ಸಿ ಮುಗಿದ ಮೇಲೆ. ಸಗಣಿ ಸಾರಿಸಿದ ನೆಲ, ಅವತ್ತೇ ಸಾರಿಸಿದ್ರೆ ನಿಧಾನ, ನಾಲ್ಕು ದಿನ ಬಿಸಿಲು ಬಿದ್ರೆ ಬಾಲ್ ನಿಲ್ಲೋದೇ ಇಲ್ಲ. ಹೋಲಿಗೆ 110 ಎಂಎಂ ಪಿವಿಸಿ ಪೈಪ್ ತುಂಡು ಹುಗಿದಿದೀವಿ. ಗಾಲ್ಫ್ ಹೋಲ್ 108 ಎಂಎಂ, ಈ ಪೈಪಿನ 110 ಅನ್ನೋದು ಹೊರಗಿನ ಅಳತೆ, ಒಳಗೆ ನಾಲ್ಕೈದು ಎಂಎಂ ಕಮ್ಮಿನೇ ಸಿಗತ್ತೆ, ಹಂಗಾಗಿ ಕೋರ್ಸಿಗೆ ಹೋದಾಗ ಹೋಲ್ ದೊಡ್ಡದು ಕಾಣತ್ತೆ. ಶಿರಸಿಯವ್ನ ಅಮ್ಮ ಮೊದ್ಲು ನೋಡಿ "ಎಂತಕ್ಕೋ ತಮ್ಮಾ ಅಂಗಳ ಅಗಿತಾ ಇದ್ದೆ" ಅಂತ ಬೈದ್ರು, ಈಗ ಯಾರು ಗೆದ್ದ ಅಂತ ಅವ್ರೇ ಕೇಳ್ತಾರೆ.

ಬೀಚಲ್ಲಿ ವೆಡ್ಜ್ (ಹತ್ರದ ಹೊಡೆತದ ಕ್ಲಬ್) ಮಾತ್ರ, ಅದೂ ಬೆಳಿಗ್ಗೆ ಇಳಿತ ಇದ್ದಾಗ, ಯುದ್ಧನೌಕೆ ಮ್ಯೂಸಿಯಂ ಹತ್ರ ವಾಕಿಂಗ್ ಜನ ಇರ್ತಾರೆ, ಅದಕ್ಕೆ ದೂರ ಕಾಳಿ ಅಳಿವೆ ಕಡೆ ಹೋಗ್ತೀವಿ, ರಂಪಣಿ (ದಡದಿಂದ ಎಳೆಯೋ ಮೀನಿನ ಬಲೆ) ಎಳೀತಾ ಇದ್ರೆ ಕಿಟ್ ಕೆಳಗಿಟ್ಟು ಸುಮ್ನೆ ಕೂರೋದು. ಇಳಿತ ದಿನಾ ಮುಕ್ಕಾಲು ಗಂಟೆ ಮೇಲೆ ತಡ ಆಗ್ತಾ ಹೋಗತ್ತೆ, ವಾರದ ಟೈಮ್ ಮುಂಚೆನೇ ನೋಡಿಟ್ಕೋಬೇಕು. ಒದ್ದೆ ಗಟ್ಟಿ ಮರಳು ಸುಳ್ಳು ಹೇಳಲ್ಲ, ಗೆರೆ ಎಳೆದು ಅದ್ರ ಮೇಲೆ ಬಾಲ್ ಇಡಿ, ಹೊಡೆದ ಗುರುತು ಗೆರೆ ಹಿಂದೆ ಇದ್ರೆ ಫ್ಯಾಟ್ (ಬಾಲಿಗಿಂತ ಮೊದ್ಲು ನೆಲಕ್ಕೆ ಬಿದ್ದ ಹೊಡೆತ), ವಾದ ಮಾಡೋ ಹಂಗೇ ಇಲ್ಲ. ಆಟ ಇಷ್ಟೇ, ಕೋಲಲ್ಲಿ ಒಂದು ವೃತ್ತ, ಇಪ್ಪತ್ತೊಂದು ಪಾಯಿಂಟ್ ಮೊದ್ಲು ಆದವ ಗೆದ್ದ, ಮುಂದಿನ ಜಾಗ ಎಲ್ಲಿಂದ ಅಂತ ಹಿಂದೆ ಇರೋವ್ನೇ ಆರಿಸ್ಬೇಕು. ಹಂಗಾಗಿ ಒಂದೇ ದೂರದಿಂದ ಎರಡು ಬಾಲ್ ಸಿಗೋದೇ ಇಲ್ಲ, ಮೂವತ್ತು ಹೆಜ್ಜೆ, ಆಮೇಲೆ ಅರವತ್ತು, ಆಮೇಲೆ ದಿಬ್ಬದ ಮೇಲಿಂದ ಹದಿನೈದು. ಒಂದೇ ಜಾಗದಲ್ಲಿ ನಿಂತು ಒಂದೇ ಕ್ಲಬ್ಬಲ್ಲಿ ಐವತ್ತು ಬಾಲ್ ಹೊಡೆಯೋದು ನಾನೂ ವರ್ಷಗಟ್ಲೆ ಮಾಡಿದ್ದೆ, ಕೋರ್ಸಲ್ಲಿ ಅದು ಒಂದಿನವೂ ಕೈ ಹಿಡೀಲಿಲ್ಲ. ಉಪ್ಪು ನೀರಿಗೆ ಐರನ್ ಕ್ಲಬ್ ತುಕ್ಕು ಹಿಡಿಯತ್ತೆ, ಮನೆಗೆ ಬಂದ ಕೂಡ್ಲೆ ಸಿಹಿನೀರಲ್ಲಿ ತೊಳೆದು ಒರೆಸಿ ತೆಂಗಿನೆಣ್ಣೆ ಬಟ್ಟೆ ಆಡಿಸಿ. ಬೀಚಿಗೆ ಹಳೇ ವೆಡ್ಜ್ ಬೇರೆನೇ ಇಟ್ಕೊಂಡಿದೀನಿ, ಎಂಟುನೂರಕ್ಕೆ ಸಿಕ್ಕಿದ್ದು.

ಗಾಳಿ ಓದೋದರಲ್ಲಿ ನನ್ನದೊಂದು ಲೆಕ್ಕ ಇದೆ. ಬೆಳಿಗ್ಗೆ ನೆಲದಿಂದ ಸಮುದ್ರಕ್ಕೆ, ಹತ್ತು ಹನ್ನೊಂದರ ಮೇಲೆ ಸಮುದ್ರದಿಂದ ನೆಲಕ್ಕೆ, ಅಷ್ಟು ಎಲ್ರಿಗೂ ಗೊತ್ತು, ತಿರುಗೋ ಆ ಅರ್ಧ ಗಂಟೇಲಿ ಯಾವ ಕ್ಲಬ್ ತಗೋಬೇಕು ಅನ್ನೋದು ಮಾತ್ರ ಹೇಳಲ್ಲ, ಆ ಮೂವರೂ ಇದನ್ನ ಓದ್ತಾರೆ.

ಮಳೆಗಾಲದ ನಾಲ್ಕು ತಿಂಗಳು ಏನೂ ಆಗಲ್ಲ ಅನ್ಕೊಂಡಿದ್ವಿ. ಬೈತಖೋಲ ಬಂದರಿನ ಹತ್ರ ಹಳೇ ಬಲೆ ಕೆಜಿ ಲೆಕ್ಕದಲ್ಲಿ ಸಿಗತ್ತೆ, ಐನೂರು ಆರುನೂರಕ್ಕೆ ಶೆಡ್ ತುಂಬೋವಷ್ಟು ತಂದೆ, ಈಗ ಮಳೇಲಿ ಅದಕ್ಕೇ ಬಾಲ್ ಹೊಡೆಯೋದು. ಬಾಲ್ ಜೊತೆಗೇ ತಗೊಂಡು ಹೋಗಿ ಬಲೆ ಕಣ್ಣಲ್ಲಿ ತೂರಿಸಿ ನೋಡಿ ತಗೊಳ್ಳಿ, ಬಾಲಿನ ಅಡ್ಡಳತೆ 43 ಎಂಎಂ ಹತ್ರ, ಕಣ್ಣು ಅದಕ್ಕಿಂತ ಚಿಕ್ಕದಿರ್ಲೇಬೇಕು. ಎರಡು ಪದರ ಮಾಡಿ ಸಡಿಲವಾಗಿ ಬಿಡಿ, ಬಿಗಿ ಕಟ್ಟಿದ್ರೆ ಬಾಲ್ ತಿರುಗಿ ನಿಮ್ಮ ಮೇಲೇ ಬರತ್ತೆ. ಬಾಲ್ ಎಲ್ಲಿ ಹೋಗತ್ತೆ ಅಂತ ಕಾಣ್ದೆ ಪಂಥ ಹೆಂಗೆ ಅಂದ್ರೆ, ಬಾಲಿನ ಹಿಂಬದಿಗೆ ವೈಟ್‌ಬೋರ್ಡ್ ಮಾರ್ಕರಲ್ಲಿ ಒಂದು ಚುಕ್ಕಿ ಇಡಿ, ಹೊಡೆದಾಗ ಮಸಿ ಕ್ಲಬ್ ಫೇಸಿಗೆ (ಬಾಲ್ ತಾಗೋ ಮುಖ) ಅಂಟತ್ತೆ. ಹತ್ತು ಬಾಲಲ್ಲಿ ಎಷ್ಟು ಮಧ್ಯಕ್ಕೆ ಬಿತ್ತು, ಪ್ರತಿಯೊಂದರ ಫೋಟೋ ವಾಟ್ಸಾಪಿಗೆ. ಜೂನಲ್ಲಿ ನನ್ಗೆ ಮೂರು ನಾಲ್ಕು ಬೀಳ್ತಿತ್ತು, ಸೆಪ್ಟೆಂಬರಿಗೆ ಏಳು. ಕೈಗಾದವ ನೈಟ್ ಶಿಫ್ಟ್ ಮುಗ್ಸಿ ಬಂದು ಬೆಳಿಗ್ಗೆ ಏಳಕ್ಕೆ ಎಂಟು ಹಾಕಿ ಫೋಟೋ ಕಳ್ಸಿದ್ರೆ ಇಲ್ಲಿ ನಾವು ಮಳೇಲಿ ಕೊಡೆ ಹಿಡ್ಕೊಂಡು ಶೆಡ್ಡಿಗೆ ಓಡಿದೀವಿ.

ಇನ್ನೊಂದು ಪ್ರಯೋಗ, ಕಿಟ್ಟಲ್ಲಿ ಹದಿನಾಲ್ಕು ಕ್ಲಬ್ ಇಡ್ಬಹುದು ಅಂತ ಕಾಯ್ದೆ ಇದ್ರೂ ಒಂದು ದಿನ ಒಂಬತ್ತು ಹೋಲ್ ಬರೀ ಸೆವೆನ್ ಐರನ್ನಲ್ಲಿ, ಪಟ್ಟೂ ಅದರಲ್ಲೇ, ಆಡಿದ್ವಿ. ನನ್ನ ಸ್ಕೋರ್ ಯಾವಾಗ್ಲೂ ಬರೋದಕ್ಕಿಂತ ಎರಡೇ ಜಾಸ್ತಿ, ಡಾಕ್ಟ್ರದ್ದು ಒಂದು ಕಮ್ಮಿ! ಅವತ್ತಿಂದ ಡ್ರೈವರ್ ನನ್ನ ಬ್ಯಾಗಲ್ಲಿ ಇದೆ ಆದ್ರೆ ಎರಡೋ ಮೂರೋ ಹೋಲಿಗೆ ಮಾತ್ರ ಹೊರಗೆ ಬರತ್ತೆ. ಎಡಗೈ ಆಟ, ರಾತ್ರಿ ಟಾರ್ಚ್ ಆಟ ಎಲ್ಲಾ ಮಾಡಿ ನೋಡಿದ್ವಿ, ಅದ್ರಿಂದ ಬಾಲ್ ಕಳೀತು ಅಷ್ಟೇ.

ಒಟ್ಟು ಖರ್ಚು ಕೇಳೋರಿಗೆ, ಸೆಕೆಂಡ್ ಹ್ಯಾಂಡ್ ಸೆಟ್ ಹದಿನಾಲ್ಕು ಹದಿನೈದು ಸಾವಿರ, ಬಲೆ ಪೈಪ್ ಮಾರ್ಕರ್ ಎಲ್ಲಾ ಸೇರಿ ಸಾವಿರದ ಒಳಗೆ, ಹಳೇ ಬಾಲ್ ಒಂದಕ್ಕೆ ಮೂವತ್ತು ನಲವತ್ತು. ಗ್ರೀನ್ ಫೀ, ಪೆಟ್ರೋಲ್ ಬೇರೆ, ನಾಲ್ಕು ಜನ ಒಂದೇ ಕಾರಲ್ಲಿ ಹೋಗೋದ್ರಿಂದ ಸುಧಾರಿಸ್ಕೋಬಹುದು. ಮೀನೂಟದ ಲೆಕ್ಕ ಇಟ್ಟಿಲ್ಲ, ಈ ಸೀಸನ್ ನಾನು ಹಾಕ್ಸಿದ್ದಕ್ಕಿಂತ ತಿಂದಿದ್ದೇ ಜಾಸ್ತಿ.

ಕೈಗಾದವ್ನಿಗೆ ಈ ವರ್ಷ ಟ್ರಾನ್ಸ್‌ಫರ್ ಆಗೋ ಮಾತಿದೆ, ಅದು ಆಯ್ತು ಅಂದ್ರೆ ಒಂದು ಜಾಗ ಖಾಲಿ ಆಗತ್ತೆ. ಅಂಕೋಲಾ, ಕುಮಟಾ, ಹೊನ್ನಾವರ ಕಡೆ ಯಾರಾದ್ರೂ ಆಡೋರು ಇದ್ರೆ ಭಾನುವಾರ ಬೆಳಿಗ್ಗೆ ಇಳಿತದ ಹೊತ್ತಿಗೆ ಬೀಚಿಗೆ ಬನ್ನಿ, ಒಂದು ವೆಡ್ಜ್ ಸಾಕು, ಹ್ಯಾಂಡಿಕ್ಯಾಪ್ ಮೊದ್ಲ ಎರಡು ರೌಂಡ್ ನೋಡಿ ನಾವೇ ಇಡ್ತೀವಿ.