ಮನೆಯಲ್ಲಿ ಕಾರ್ ಚಾರ್ಜರ್: ಖರ್ಚಿನ ಅರ್ಧ ನೆಲದೊಳಗೆ ಹೋಯಿತು

ವಿಜಯಪುರದಲ್ಲಿ ಎಲೆಕ್ಟ್ರಿಕ್ ಕಾರು ತಗೊಂಡ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: 'ಚಾರ್ಜರ್‌ಗೆ ಎಷ್ಟಾಯ್ತು?' ಚಾರ್ಜರ್‌ಗೆ ಏನೂ ಆಗಲಿಲ್ಲ, ಅದು ಕಾರಿನ ಜೊತೆಗೇ ಬಂತು. ದುಡ್ಡು ಹೋಗಿದ್ದು ಮೀಟರಿನಿಂದ ಕಾರಿನವರೆಗಿನ ದಾರಿಗೆ, ಸುಮಾರು 22 ಸಾವಿರ.

ಮೊದಲು ತೀರ್ಮಾನಿಸಬೇಕಾದದ್ದು ಕಾರಿನ ಜೊತೆ ಬಂದ 3.3 ಕಿಲೋವ್ಯಾಟ್ ಚಾರ್ಜರ್ ಸಾಕಾ, ಗೋಡೆಗೆ ಹಾಕುವ 7.2 ಕಿಲೋವ್ಯಾಟ್ ಬಾಕ್ಸ್ ಬೇಕಾ ಅನ್ನೋದು. ದೊಡ್ಡದೇ ಇರಲಿ ಅಂತ ಶೋರೂಮಿನಲ್ಲಿ ಹೇಳುತ್ತಾರೆ. ಆದರೆ ನಮ್ಮ ಮನೆಯ ಮಂಜೂರಾದ ಲೋಡ್, ಅಂದರೆ ಒಮ್ಮೆಗೆ ಎಳೆಯಲು ಅನುಮತಿ ಇರುವ ಕರೆಂಟ್, 3 ಕಿಲೋವ್ಯಾಟ್ ಮಾತ್ರ. ದೊಡ್ಡ ಬಾಕ್ಸ್‌ಗೆ ಅದನ್ನು ಹತ್ತಕ್ಕೆ ಏರಿಸಬೇಕು. 2025-26ರ ದರದಲ್ಲಿ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕವಿತ್ತು. ಅಂದರೆ ಕಾರು ಓಡಿದರೂ ನಿಂತರೂ ತಿಂಗಳಿಗೆ ಸಾವಿರ ರೂಪಾಯಿ ಜಾಸ್ತಿ. 3.3ರಲ್ಲಿ ರಾತ್ರಿ ಹತ್ತು ತಾಸು ಹಚ್ಚಿಟ್ಟರೆ ಸುಮಾರು 30 ಯೂನಿಟ್ ತುಂಬುತ್ತದೆ. ಬಾಗಲಕೋಟೆಗೆ ಹೋಗಿ ಬರಲು ಅಷ್ಟು ಸಾಕು. ವಿದ್ಯುತ್ ಕಂಪನಿ ಹೆಸ್ಕಾಂನಲ್ಲಿ ಲೋಡನ್ನು 6ಕ್ಕೆ ಏರಿಸಲು ಅರ್ಜಿ ಕೊಟ್ಟೆ. ಅದರ ಠೇವಣಿ ಈ 22 ಸಾವಿರದ ಲೆಕ್ಕದಲ್ಲಿಲ್ಲ.

ಇನ್ನು ಅರ್ಥಿಂಗ್, ಅಂದರೆ ಸೋರಿದ ಕರೆಂಟ್ ನೆಲಕ್ಕೆ ಹೋಗಲಿ ಅಂತ ಹೂಳುವ ಲೋಹದ ಸಲಾಕೆ. ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೇ. ನಮ್ಮ ವೈರ್‌ಮನ್ ಬಂದವರೇ, 'ಸರ್, ಸಾಕೆಟ್ ಆಮೇಲೆ ನೋಡೋಣ್ರೀ, ಮೊದಲು ಭೂಮಿ ನೋಡೋಣ' ಅಂದರು. ಹಳೆಯ ಅರ್ಥಿಂಗ್ ಅಳೆದಾಗ ಕರೆಂಟಿಗೆ ಇರುವ ಅಡ್ಡಿ 14 ಓಮ್ ತೋರಿಸಿತು. ನಮಗೆ ಬೇಕಿದ್ದದ್ದು 5ಕ್ಕಿಂತ ಕಡಿಮೆ. ಅರ್ಥಿಂಗ್ ಸರಿಯಿಲ್ಲ ಅಂತ ಗೊತ್ತಾದರೆ ಎಷ್ಟೋ ಕಾರುಗಳು ಚಾರ್ಜ್ ತಗೊಳ್ಳೋದೇ ಇಲ್ಲ. ಮುಖ್ಯವಾಗಿ ಇದು ಜೀವದ ಪ್ರಶ್ನೆ. ಮಳೆಯಲ್ಲಿ ಒದ್ದೆ ಕೈಯಿಂದ ಮಕ್ಕಳೂ ಆ ಕಾರನ್ನು ಮುಟ್ಟುತ್ತಾರೆ ಅಲ್ವಾ?

ನಮ್ಮ ಎರೆಮಣ್ಣು ಹಸಿ ಇದ್ದಾಗ ಅರ್ಥಿಂಗ್‌ಗೆ ಒಳ್ಳೆಯದು. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟರೆ ಸಲಾಕೆಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಸ್ವಲ್ಪ ಆಳಕ್ಕೆ ಹೋದರೆ ಕರಿಕಲ್ಲು. ನಮ್ಮಲ್ಲೂ ಐದಾರು ಅಡಿಗೇ ಕಲ್ಲು ಸಿಕ್ಕಿತು. ಹಾಗಾಗಿ ಒಂದೇ ಆಳದ ಗುಂಡಿಯ ಬದಲು ದೂರ ದೂರ ಎರಡು ಸಲಾಕೆ ಇಳಿಸಿ, ತಾಮ್ರದ ಪಟ್ಟಿಯಿಂದ ಜೋಡಿಸಿದೆವು. ಹಳೇ ಪದ್ಧತಿಯಂತೆ ಗುಂಡಿಗೆ ಉಪ್ಪು, ಇದ್ದಿಲು ಹಾಕಲಿಲ್ಲ. ಉಪ್ಪು ನೀರಿನ ಜೊತೆ ಹರಿದು ಹೋಗುತ್ತದೆ, ಸಲಾಕೆಯನ್ನೂ ತಿನ್ನುತ್ತದೆ. ತೇವ ಹಿಡಿದಿಡುವ ಬೆಂಟೊನೈಟ್ ಪುಡಿ ತುಂಬಿಸಿದೆವು. ಜಾಗ ಆರಿಸಿದ್ದು ಬಚ್ಚಲ ನೀರು ಹೋಗುವ ಕಡೆ. ಅಗೆದ ಕೂಲಿ ಸೇರಿ ಇದಕ್ಕೇ ಹತ್ತು ಸಾವಿರದ ಹತ್ತಿರ ಆಯಿತು. ಕೊನೆಗೆ ಅಳತೆ 3 ಓಮ್‌ಗೆ ಇಳಿದಾಗ ನಿಜಕ್ಕೂ ನೆಮ್ಮದಿ ಅನಿಸಿತು. ನೀವೂ ಅಳೆಸುವುದಾದರೆ ಏಪ್ರಿಲ್, ಮೇನಲ್ಲಿ ಅಳೆಸಿ. ಮಳೆಗಾಲದ ಅಳತೆ ನಂಬಬೇಡಿ.

ಉಳಿದದ್ದು ಸಲೀಸು. ಮೀಟರ್ ಬೋರ್ಡಿನಿಂದ ನೇರವಾಗಿ ಬೇರೆಯೇ ಲೈನ್ ಎಳೆದೆವು. 16 ಆಂಪಿಯರ್‌ಗೆ 4 ಚದರ ಮಿಲಿಮೀಟರ್ ತಾಮ್ರದ ತಂತಿ ಸಾಕು. ಮುಂದೆ ದೊಡ್ಡ ಚಾರ್ಜರ್ ಹಾಕಿದರೆ ಮತ್ತೆ ಗೋಡೆ ಒಡೆಯುವುದು ಬೇಡ ಅಂತ 6ರದ್ದೇ ಹಾಕಿಸಿದೆ. ಲೋಡ್ ಮೀರಿದರೆ ತಾನೇ ಬೀಳುವ ಪ್ರತ್ಯೇಕ ಎಂಸಿಬಿ, ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಇಂಡಸ್ಟ್ರಿಯಲ್ ಸಾಕೆಟ್ ಬಂತು. ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ದಯವಿಟ್ಟು ಕಾರು ಹಚ್ಚಬೇಡಿ. ಗೀಜರ್ ಅರ್ಧ ತಾಸಿಗೆ ಆಫ್ ಆಗುತ್ತದೆ, ಕಾರು ಇಡೀ ರಾತ್ರಿ ಪೂರ್ತಿ ಕರೆಂಟ್ ಎಳೆಯುತ್ತದೆ. ಸಡಿಲ ಸಾಕೆಟ್ ಕರಗಿಯೇ ಹೋಗುತ್ತದೆ.

ಇನ್ನು ಬಿಲ್ಲು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ನಮ್ಮ ಮನೆಗೆ ಮೊದಲು 120 ಯೂನಿಟ್ ಬರುತ್ತಿತ್ತು, ಕಟ್ಟುವುದು ಏನೂ ಇರಲಿಲ್ಲ. ಈಗ ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ, ಚಾರ್ಜ್ ಮಾಡುವಾಗಿನ ನಷ್ಟವೂ ಸೇರಿ ಇನ್ನೂ 165 ಯೂನಿಟ್. 2025-26ರ ದರ ಯೂನಿಟ್‌ಗೆ 5.80ರಂತೆ, ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ 2,800ರ ಆಸುಪಾಸು. ಸುಮ್ನೆ ಯೂನಿಟ್ ದರ ನೋಡಿ 'ಸಾವಿರಕ್ಕೆ ಮುಗಿಯಿತು' ಅನ್ನುವವರು ಇದನ್ನು ಬಿಟ್ಟುಬಿಡುತ್ತಾರೆ. ಹಾಗಂತ ಲುಕ್ಸಾನೇನೂ ಇಲ್ಲ. ಅಷ್ಟೇ ದೂರಕ್ಕೆ ಹಳೇ ಕಾರು ಕುಡಿಯುತ್ತಿದ್ದ ಪೆಟ್ರೋಲಿಗೆ 6,800 ಆಗುತ್ತಿತ್ತು. ತಿಂಗಳಿಗೆ ನಾಲ್ಕು ಸಾವಿರ ಉಳಿದರೆ ಆ 22 ಸಾವಿರ ಆರು ತಿಂಗಳೊಳಗೆ ವಾಪಸ್.